ಕ್ಯಾಡಿಲಾಕೂ ಕೃಷ್ಣೆಯ ದಂಡೆಯ ಬೆಲ್ಲವೂ

ಕೆಲವು ಊರುಗಳಿಗೂ ಕೆಲವು ಸರಕುಗಳಿಗೂ ಜಾತಕದಲ್ಲಿಯೇ ಬರೆದಂತೆ ನಂಟು ಕೂಡಿಬಂದಿರುತ್ತದೆ. ಇಳಕಲ್ಲೆಂದರೆ ಸೀರೆ, ಗೋಕಾಕವೆಂದರೆ ಕರದಂಟು, ಮುಧೋಳವೆಂದರೆ ಬೇಟೆನಾಯಿ, ಮಹಾಲಿಂಗಪುರವೆಂದರೆ ಬೆಲ್ಲ. ಅಂಗಡಿಯವನು ಸರಕನ್ನು ಮುಂದಿಟ್ಟು ಊರಿನ ಹೆಸರನ್ನು ಹೇಳಿದರೆ ಸಾಕು, ಕೊಳ್ಳುವವರ ಕೈ ತಾನಾಗಿಯೇ ಹಣದ ಚೀಲಕ್ಕೆ ಹೋಗುತ್ತದೆ. ಆ ಹೆಸರನ್ನು ಗಳಿಸಿಕೊಟ್ಟವರು ಯಾರು, ಎಷ್ಟು ತಲೆಮಾರು ದುಡಿದರು ಎಂದು ಕೇಳುವವರಿಲ್ಲ. ಗಳಿಸಿದವರು ಮಣ್ಣಾಗಿ ಹೋಗಿರುತ್ತಾರೆ. ಹೆಸರು ಮಾತ್ರ ಸಂತೆಯಿಂದ ಸಂತೆಗೆ ನಡೆದಾಡುತ್ತಿರುತ್ತದೆ.

ಅಮೆರಿಕದಲ್ಲಿ ಇದಕ್ಕಿಂತಲೂ ವಿಚಿತ್ರವಾದುದೊಂದು ನಡೆದಿದೆ. ಅಲ್ಲಿ ಒಂದು ಮೋಟಾರಿನ ಹೆಸರು ಮೋಟಾರನ್ನು ಬಿಟ್ಟು ಹೊರಗೆ ಸಂಚಾರಕ್ಕೆ ಹೊರಟು ಆಡುಮಾತಿನಲ್ಲಿಯೇ ಮನೆ ಮಾಡಿಕೊಂಡಿತು. ಹೊಲಿಗೆಯ ಯಂತ್ರಗಳಲ್ಲಿ ಶ್ರೇಷ್ಠವಾದುದನ್ನು ಹೊಗಳಬೇಕಾದರೆ ಅಲ್ಲಿಯವರು ‘ಅದು ಹೊಲಿಗೆಯ ಯಂತ್ರಗಳ ಕ್ಯಾಡಿಲಾಕ್’ ಎನ್ನುತ್ತಾರೆ. ಗಡಿಯಾರವಾಗಲಿ, ಮಂಚವಾಗಲಿ, ಮಕ್ಕಳ ತಳ್ಳುಗಾಡಿಯಾಗಲಿ, ತನ್ನ ಜಾತಿಯಲ್ಲಿ ಮೇಲಾದುದಕ್ಕೆಲ್ಲ ಆ ಒಂದೇ ಬಿರುದು. ನಾವು ‘ಅಪರಂಜಿ’ ಎಂಬ ಮಾತನ್ನು ಬಳಸುವಂತೆ ಅವರು ಒಂದು ಕಾರ್ಖಾನೆಯ ಹೆಸರನ್ನು ಬಳಸಿದರು. ಇದಕ್ಕಿಂತ ಹೆಚ್ಚಿನ ಗೌರವ ವ್ಯಾಪಾರಿಗೆ ಯಾವುದು?

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ, ಕೃಷ್ಣೆಯ ದಂಡೆಯಲ್ಲಿ, ಹುಟ್ಟಿ ಚಕ್ಕಡಿಯಲ್ಲಿ ಕುಳಿತು ಸಾಲೆಗೆ ಹೋದ ನನಗೂ ಆ ಮೋಟಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ಕಟ್ಟಿಕೊಟ್ಟವರು ನನ್ನ ದೊಡ್ಡಪ್ಪ. ಅವರು ಹರೆಯದಲ್ಲಿ ಮುಂಬಯಿಗೆ ಹೋಗಿ, ಗಿರಗಾಂವದ ಕಡೆಯ ಒಂದು ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಮಿಸ್ತ್ರಿಯಾಗಿದ್ದರು. ಶೇಠಜಿಗಳ, ವಕೀಲರ, ಸಂಸ್ಥಾನಿಕರ ಮೋಟಾರುಗಳು ಅಲ್ಲಿಗೆ ಬರುತ್ತಿದ್ದವು. ಬ್ಯೂಕ್, ಪ್ಯಾಕಾರ್ಡ್, ಹಡ್ಸನ್, ಕ್ಯಾಡಿಲಾಕ್ ಎಂಬ ಹೆಸರುಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ನಮ್ಮ ಅಜ್ಜಿ ಸಂಜೆಗೆ ದೀಪ ಹಚ್ಚಿ ನಾಮಾವಳಿಯನ್ನು ಹೇಳುತ್ತಿದ್ದ ಗತ್ತಿನಲ್ಲಿಯೇ ದೊಡ್ಡಪ್ಪ ಆ ಹೆಸರುಗಳನ್ನು ಹೇಳುತ್ತಿದ್ದರು.

ಆಗ ನಮ್ಮ ಸೀಮೆಗೆ ಅಮೆರಿಕದ ಮೋಟಾರು ತೀರ ಅಪರಿಚಿತವಾಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರದು. 1948ರ ಮಾರ್ಚಿಯಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅರಮನೆ, ಅಂಬಾರಿ, ಮೋಟಾರು ಇವು ಮೂರೂ ದೊರೆತನದ ಲಕ್ಷಣಗಳಾಗಿದ್ದವು. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿಯೇ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕಾರ್ಖಾನೆಯನ್ನು ತೆರೆದಿತ್ತು. ಆದುದರಿಂದ ಅಮೆರಿಕದ ಗಾಡಿಗೆ ಮುಂಬಯಿ ತವರುಮನೆಯಂತೆಯೇ ಇತ್ತು.

ದೊಡ್ಡಪ್ಪನವರು ಗಾಡಿಗಳನ್ನು ಹೊಗಳುತ್ತಿದ್ದ ರೀತಿ ಮಾತ್ರ ಬೇರೆ. ಬಣ್ಣ, ಬೆಳ್ಳಿಯ ಹೊಳಪು, ಮೆತ್ತೆಯ ಆಸನ ಇವುಗಳ ವಿಷಯ ಅವರು ಆಡಿದ್ದನ್ನು ನಾನು ಕೇಳಿಲ್ಲ.

“ತಮ್ಮಾ, ಗಾಡಿ ಹೊರಗಿಂದ ನೋಡಬ್ಯಾಡ” ಎನ್ನುತ್ತಿದ್ದರು. “ನಟ್ಟು ಬರೇ ಕೈಲೆ ತಿರಗತದೇನು ನೋಡು. ಪಾನಾ ಕಡೀಕ ಹಚ್ಚಬೇಕು. ಮೊದಲಿಗೇ ಪಾನಾ ಹಚ್ಚಿ ಜಗ್ಗೂ ಹಂಗಿದ್ರ ಅದನ್ನ ಮಾಡಿದಾಂವ ಖರೇ ಮನಶ್ಯಾ ಅಲ್ಲ.”

ಮಾಡಿದವನ ಮನುಷ್ಯತ್ವವನ್ನು ನಟ್ಟಿನ ತಿರುಪಿನಲ್ಲಿ ಅಳೆಯುವ ಈ ಶಾಸ್ತ್ರ ನನಗೆ ಆಗ ತಮಾಷೆಯೆನಿಸುತ್ತಿತ್ತು. ಮುಂದೆ ಕ್ಯಾಡಿಲಾಕಿನ ಚರಿತ್ರೆಯನ್ನು ಓದಿದಾಗ, ಮುಂಬಯಿಯ ಗ್ಯಾರೇಜಿನ ಈ ಮಿಸ್ತ್ರಿ ಆ ಮೋಟಾರಿನ ಜನಕನ ಸಿದ್ಧಾಂತವನ್ನೇ ತಿಳಿಯದೆ ಹೇಳುತ್ತಿದ್ದರೆಂದು ಗೊತ್ತಾಯಿತು.

ಆ ಜನಕನ ಹೆಸರು ಹೆನ್ರಿ ಲೆಲಂಡ್. 1843ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಹುಟ್ಟಿದ ಈತ ಮೋಟಾರಿನವನಲ್ಲ. ಬಂದೂಕಿನ ಕಾರ್ಖಾನೆಗಳಲ್ಲಿ, ಅಳತೆಯ ಉಪಕರಣಗಳನ್ನು ಮಾಡುವ ಕಾರ್ಖಾನೆಯಲ್ಲಿ ಪಳಗಿದವನು. ಯುದ್ಧಭೂಮಿಯಲ್ಲಿ ಒಬ್ಬ ಸಿಪಾಯಿಯ ಬಂದೂಕಿನ ಕೀಲು ಮುರಿದರೆ ಇನ್ನೊಂದು ಬಂದೂಕಿನ ಕೀಲು ಅದಕ್ಕೆ ಹೊಂದಬೇಕು. ಹೊಂದಬೇಕಾದರೆ ಎಲ್ಲ ಕೀಲುಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆಯವಾಗಿರಬೇಕು. ಈ ಪಾಠವನ್ನು ಲೆಲಂಡ್ ಜೀವಮಾನವಿಡೀ ಮರೆಯಲಿಲ್ಲ.

1902ರಲ್ಲಿ ಡೆಟ್ರಾಯ್ಟ್ ಪಟ್ಟಣದಲ್ಲಿ ಹೆನ್ರಿ ಫೋರ್ಡನು ಹಣ ಹಾಕಿದವರೊಡನೆ ಮನಸ್ತಾಪ ಬಂದು ತನ್ನ ಹೆಸರಿನ ಕಂಪನಿಯನ್ನೇ ಬಿಟ್ಟು ನಡೆದನು. ಉಳಿದವರು ಕಾರ್ಖಾನೆಯನ್ನು ಮುಚ್ಚಿ ಯಂತ್ರಗಳನ್ನು ಮಾರಿಬಿಡಬೇಕೆಂದು, ಅವುಗಳ ಬೆಲೆಯನ್ನು ಕಟ್ಟಲು ಲೆಲಂಡನನ್ನು ಕರೆಯಿಸಿದರು. ಬೆಲೆ ಕಟ್ಟಲು ಬಂದವನು ‘ಮಾರಬೇಡಿರಿ, ನಾನು ಮಾಡಿಟ್ಟಿರುವ ಒಂದು ಎಂಜಿನು ಇದೆ, ಗಾಡಿಯನ್ನೇ ಮಾಡೋಣ’ ಎಂದನು. 1701ರಲ್ಲಿ ಡೆಟ್ರಾಯ್ಟ್ ಪಟ್ಟಣಕ್ಕೆ ಅಡಿಪಾಯ ಹಾಕಿದ ಫ್ರೆಂಚ್ ಸರದಾರ ಕ್ಯಾಡಿಲಾಕನ ಹೆಸರನ್ನು ಹೊಸ ಕಂಪನಿಗೆ ಇಟ್ಟರು.

ಆರು ವರ್ಷಗಳು ಕಳೆದವು. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಒಂದು ಪರೀಕ್ಷೆಯನ್ನು ಏರ್ಪಡಿಸಿದರು. ಮಾರಾಟಕ್ಕಿಟ್ಟಿದ್ದ ಮೂರು ಕ್ಯಾಡಿಲಾಕುಗಳನ್ನು ಬ್ರೂಕ್‌ಲ್ಯಾಂಡ್ಸ್ ಎಂಬ ಪಂದ್ಯದ ಬಯಲಿಗೆ ಒಯ್ದು, ಮೂರನ್ನೂ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಬೆರೆಸಿಬಿಟ್ಟರು. ಅದರೊಳಗಿಂದ 89 ಭಾಗಗಳನ್ನು ತೆಗೆದಿಟ್ಟು, ಅಂಗಡಿಯ ದಾಸ್ತಾನಿನಿಂದ ಅಷ್ಟೇ ಹೊಸ ಭಾಗಗಳನ್ನು ತಂದು ಹಾಕಿದರು. ಬಳಿಕ ಪಾನಾ ಮತ್ತು ತಿರುಪುಳಿಗಳಿಂದಲೇ, ಅರ ಹಿಡಿದು ಉಜ್ಜದೆ, ಮೂರು ಗಾಡಿಗಳನ್ನು ಮತ್ತೆ ಜೋಡಿಸಬೇಕಾಯಿತು. ಜೋಡಿಸಿದರು. ಮೂರೂ ನಡೆದವು, ಐನೂರು ಮೈಲಿ ಓಡಿದವು. ಒಂದೊಂದು ಗಾಡಿಯನ್ನೂ ಮಿಸ್ತ್ರಿಗಳು ಅರದಿಂದ ತಿಕ್ಕಿ ತಿಕ್ಕಿ ಹೊಂದಿಸುತ್ತಿದ್ದ ಕಾಲವದು. ಇಂಗ್ಲಿಷರು ಬೆರಗಾದರು. ಆ ವರ್ಷದ ಡ್ಯೂವರ್ ಪಾರಿತೋಷಕ ಮೊತ್ತಮೊದಲ ಬಾರಿಗೆ ಒಂದು ಅಮೆರಿಕನ್ ಗಾಡಿಯ ಪಾಲಾಯಿತು. ‘ಜಗತ್ತಿನ ಮಾನದಂಡ’ ಎಂಬ ಅರ್ಥದ ಬಿರುದನ್ನು ಕಂಪನಿ ತನ್ನ ಜಾಹೀರಾತುಗಳಲ್ಲಿ ಹಾಕಿಕೊಂಡಿತು.

ಇನ್ನೊಂದು ಪಾರಿತೋಷಕದ ಕಥೆ ನಮ್ಮ ಹಳ್ಳಿಯವರಿಗೆ ಹೆಚ್ಚು ಹತ್ತಿರದ್ದು. ಮೊದಲು ಮೋಟಾರನ್ನು ಚಾಲೂ ಮಾಡಬೇಕಾದರೆ ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ತಿರುವಬೇಕಾಗಿತ್ತು. ಹೊಳೆಯ ದಂಡೆಯಲ್ಲಿ ಆಯಿಲ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆದು ನೀರೆತ್ತಿದ ರೈತರಿಗೆ ಅದರ ಕಷ್ಟವನ್ನು ಹೇಳಬೇಕಾಗಿಲ್ಲ. ಎಂಜಿನು ಹಿಂದಕ್ಕೆ ಒದೆದರೆ ಮಣಿಕಟ್ಟು ಉಳಿಯುವುದು ದೈವೇಚ್ಛೆ. ಮುಂಬಯಿಯಿಂದ ಮರಳಿದ ಮೇಲೆ ದೊಡ್ಡಪ್ಪನವರು ಈ ಎಂಜಿನುಗಳನ್ನು ರಿಪೇರಿ ಮಾಡಿಯೇ ಜೀವನ ಸಾಗಿಸಿದರು. ಮುರಿದ ಕೈಗೆ ಬಿದಿರಿನ ಕಡ್ಡಿಯ ಕಟ್ಟು ಕಟ್ಟಿಸಿಕೊಂಡ ಹುಡುಗರು ಅವರ ಬಳಿ ಬಂದು ಎಂಜಿನ್ನಿಗೆ ಶಾಪ ಹಾಕುತ್ತಿದ್ದುದನ್ನು ನಾನು ಕಂಡಿದ್ದೇನೆ. ಲೆಲಂಡನ ಸ್ನೇಹಿತನೊಬ್ಬನು ದಾರಿಯಲ್ಲಿ ನಿಂತಿದ್ದ ಹೆಂಗಸೊಬ್ಬಳ ಕ್ಯಾಡಿಲಾಕಿಗೆ ಹ್ಯಾಂಡಲ್ ಹೊಡೆಯಲು ಹೋಗಿ, ಅದು ದವಡೆಗೆ ಬಡಿದು, ಆ ಗಾಯದಿಂದಲೇ ತೀರಿಕೊಂಡನೆಂದು ಹೇಳುತ್ತಾರೆ. ತನ್ನ ಗಾಡಿ ಇನ್ನು ಯಾರನ್ನೂ ಕೊಲ್ಲಕೂಡದೆಂದು ಲೆಲಂಡ್ ಹಟ ಹಿಡಿದನಂತೆ. ಓಹಾಯೊ ಪ್ರಾಂತದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನು ವಿದ್ಯುತ್ತಿನಿಂದ ಎಂಜಿನನ್ನು ಚಾಲೂ ಮಾಡುವ ಸಾಧನವನ್ನು ರೂಪಿಸಿದನು. 1912ರ ಕ್ಯಾಡಿಲಾಕಿನಲ್ಲಿ ಅದು ಬಂದಿತು. ಎರಡನೆಯ ಡ್ಯೂವರ್ ಪಾರಿತೋಷಕವೂ ಬಂದಿತು. ಅದಕ್ಕಿಂತ ದೊಡ್ಡ ಪಾರಿತೋಷಕವೆಂದರೆ, ರಟ್ಟೆಬಲವಿಲ್ಲದ ಹೆಂಗಸರೂ ಮುದುಕರೂ ಆ ದಿನದಿಂದ ಸಾರಥಿಗಳಾಗಬಹುದಾಯಿತು.

ಹೆಸರು ಬೆಳೆದಲ್ಲಿ ಕಲ್ಲುಗಳೂ ಬೀಳುತ್ತವೆ. 1914ರಲ್ಲಿ ಕ್ಯಾಡಿಲಾಕಿನವರು ಎಂಟು ಸಿಲಿಂಡರುಗಳ ಎಂಜಿನನ್ನು ಹೊರತಂದರು. ಹೊಸತರಲ್ಲಿ ಅಲ್ಲಲ್ಲಿ ತೊಡಕುಗಳು ಕಾಣಿಸಿಕೊಂಡವು. ಪ್ರತಿಸ್ಪರ್ಧಿಗಳು ಹಾಸ್ಯ ಮಾಡಿದರು. ಕಂಪನಿಯ ಜಾಹೀರಾತುಗಾರನಾದ ಥಿಯೊಡೋರ್ ಮ್ಯಾಕ್‌ಮಾನಸ್ 1915ರ ಜನವರಿಯಲ್ಲಿ ಒಂದು ಪತ್ರಿಕೆಯ ಪುಟದಲ್ಲಿ ಉತ್ತರ ಕೊಟ್ಟನು. ಆ ಲೇಖನದಲ್ಲಿ ಮೋಟಾರಿನ ಮಾತಿಲ್ಲ, ಎಂಜಿನಿನ ಮಾತಿಲ್ಲ, ಚಿತ್ರವೂ ಇಲ್ಲ. ಎಲ್ಲರಿಗಿಂತ ಮುಂದೆ ನಡೆಯುವವನು ಹೊಗಳಿಕೆಯ ಜೊತೆಗೆ ಅಸೂಯೆಯ ದಂಡವನ್ನೂ ತೆರಬೇಕಾಗುತ್ತದೆ, ಆದರೂ ಉತ್ತಮವಾದುದು ಕೊನೆಗೆ ಉಳಿಯುತ್ತದೆ ಎಂಬ ಭಾವದ ಕೆಲವು ಪರಿಚ್ಛೇದಗಳು, ಅಷ್ಟೇ. ಒಂದೇ ಸಲ ಅಚ್ಚಾದ ಆ ಬರೆಹದ ಪ್ರತಿಗಳಿಗಾಗಿ ಜನ ವರ್ಷಗಟ್ಟಲೆ ಪತ್ರ ಬರೆದರು. ಸರಕನ್ನು ಹೊಗಳದೆ ಸರಕನ್ನು ಮಾರುವ ವಿದ್ಯೆ ಅಂದು ಹುಟ್ಟಿತೆನ್ನಬಹುದು.

ಇಷ್ಟರಲ್ಲಿ ಕಂಪನಿ ಕೈಬದಲಾಗಿ ಆರು ವರ್ಷಗಳಾಗಿದ್ದವು. 1909ರಲ್ಲಿಯೇ ಅದನ್ನು ಜನರಲ್ ಮೋಟರ್ಸ್ ಕೊಂಡುಕೊಂಡಿತ್ತು. ಲೆಲಂಡ್ 1917ರಲ್ಲಿ ಅಲ್ಲಿಂದ ಹೊರಬಿದ್ದು, ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, ಲಿಂಕನ್ ಎಂಬ ಇನ್ನೊಂದು ಕಂಪನಿಯನ್ನು ಕಟ್ಟಿದನು. ಅದು ಸಾಲದಲ್ಲಿ ಮುಳುಗಿದಾಗ 1922ರಲ್ಲಿ ಎಂಬತ್ತು ಲಕ್ಷ ಡಾಲರುಗಳಿಗೆ ಕೊಂಡವನು ಯಾರು? ಇಪ್ಪತ್ತು ವರ್ಷಗಳ ಹಿಂದೆ ಯಾವನ ಕಾರ್ಖಾನೆಗೆ ಬೆಲೆ ಕಟ್ಟಲು ಲೆಲಂಡ್ ಹೋಗಿದ್ದನೋ ಆ ಹೆನ್ರಿ ಫೋರ್ಡನೇ! ಕೆಲವು ತಿಂಗಳುಗಳಲ್ಲಿ ಮುದುಕನು ಅಲ್ಲಿಂದಲೂ ಹೊರಗೆ ಬರಬೇಕಾಯಿತು. ಅಮೆರಿಕದ ಎರಡು ಶ್ರೇಷ್ಠ ವಿಲಾಸದ ಗಾಡಿಗಳನ್ನು ಸೃಷ್ಟಿಸಿದವನಿಗೆ ಕೊನೆಗೆ ಎರಡೂ ತನ್ನವಾಗಿ ಉಳಿಯಲಿಲ್ಲ. ಹೆಸರನ್ನು ಗಳಿಸಿದವರೇ ಬೇರೆ, ಅನುಭವಿಸುವವರೇ ಬೇರೆ ಎಂದು ಆರಂಭದಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ?

1930ರ ಜನವರಿಯಲ್ಲಿ ಹದಿನಾರು ಸಿಲಿಂಡರುಗಳ ಕ್ಯಾಡಿಲಾಕ್ ಹೊರಬಂದಿತು. ಮೂರು ತಿಂಗಳ ಹಿಂದಷ್ಟೇ ನ್ಯೂಯಾರ್ಕಿನ ಶೇರುಪೇಟೆ ಕುಸಿದು ಬಿದ್ದಿತ್ತು. ಊರಿಗೆ ಊರೇ ಗಂಜಿಗೆ ಸಾಲು ನಿಂತಾಗ ರಾಜರಥ ಬೀದಿಗೆ ಬಂದಂತಾಯಿತು. ಹನ್ನೊಂದು ವರ್ಷಗಳಲ್ಲಿ ಅಂತಹ ಗಾಡಿಗಳು ನಾಲ್ಕೂವರೆ ಸಾವಿರವೂ ತಯಾರಾಗಲಿಲ್ಲ. ಅವುಗಳಲ್ಲೊಂದಕ್ಕೆ ಇಟಲಿಯ ಪಿನಿನ್ ಫಾರೀನನು ದೋಣಿಯ ಬಾಲದಂತಹ ಮೈಯನ್ನು ಕಟ್ಟಿದನು. ಅದು ನಮ್ಮ ದೇಶದ ಓರ್ಛಾ ಮಹಾರಾಜರಿಗಾಗಿ. ಇಂದೂರಿನ ಯಶವಂತರಾವ್ ಹೋಳ್ಕರರು ಡ್ಯೂಸೆನ್‌ಬರ್ಗ್ ಎಂಬ, ಅದಕ್ಕೂ ಮಿಗಿಲೆನಿಸಿಕೊಂಡ ಅಮೆರಿಕನ್ ಗಾಡಿಗೆ ಇಂಗ್ಲೆಂಡಿನಲ್ಲಿ ಮೈ ಕಟ್ಟಿಸಿಕೊಂಡರು. ಆ ಡ್ಯೂಸೆನ್‌ಬರ್ಗ್ ಕಂಪನಿಯೇ 1937ರಲ್ಲಿ ಮುಚ್ಚಿಹೋಯಿತು.

ಕ್ಯಾಡಿಲಾಕನ್ನೂ ಮುಚ್ಚಿಬಿಡುವ ಮಾತು ಆಗ ನಡೆದಿತ್ತು. ಅದು ಉಳಿದ ಬಗೆಯನ್ನು ಆಡಳಿತಶಾಸ್ತ್ರದ ಪ್ರಸಿದ್ಧ ಲೇಖಕ ಪೀಟರ್ ಡ್ರಕರ್ ಬರೆದಿದ್ದಾನೆ. ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಭಾಗ ಇದೇ. ಕರಿಯ ಜನರಿಗೆ ತನ್ನ ಗಾಡಿಯನ್ನು ಮಾರಕೂಡದೆಂಬುದು ಕಂಪನಿಯ ನೀತಿಯಾಗಿತ್ತು. ಮಾರಿದರೆ ಹೆಸರು ಕೆಡುತ್ತದೆಂಬ ಹೆದರಿಕೆ. ರಿಪೇರಿ ವಿಭಾಗದ ಮೇಲ್ವಿಚಾರಕನಾಗಿದ್ದ ನಿಕೊಲಸ್ ಡ್ರೈಷ್ಟಾಟ್ ಎಂಬ ಜರ್ಮನ್ ಮೂಲದ ಮಿಸ್ತ್ರಿ ಮಾತ್ರ, ಊರೂರಿನ ರಿಪೇರಿ ಶಾಲೆಗಳಲ್ಲಿ ಬೇರೆಯದೇ ಒಂದು ದೃಶ್ಯವನ್ನು ಕಂಡಿದ್ದನು. ಅನುಕೂಲಸ್ಥರಾದ ಕರಿಯ ವೈದ್ಯರು, ಮುಷ್ಟಿಕಾಳಗದವರು, ಗಾಯಕರು ಬಿಳಿಯನೊಬ್ಬನಿಗೆ ಹೆಚ್ಚಿನ ಹಣವನ್ನು ತೆತ್ತು, ಅವನ ಹೆಸರಿನಲ್ಲಿ ಕ್ಯಾಡಿಲಾಕನ್ನು ಕೊಂಡು ಓಡಿಸುತ್ತಿದ್ದರು. ಒಳ್ಳೆಯ ಓಣಿಯಲ್ಲಿ ಅವರಿಗೆ ಮನೆ ಸಿಕ್ಕುತ್ತಿರಲಿಲ್ಲ, ಒಳ್ಳೆಯ ಹೋಟೆಲಿನಲ್ಲಿ ಕೋಣೆ ಸಿಕ್ಕುತ್ತಿರಲಿಲ್ಲ. ತಾವೂ ಗೆದ್ದವರೆಂದು ತೋರಿಸಿಕೊಳ್ಳಲು ಉಳಿದುದು ಗಾಡಿಯೊಂದೇ. ಡ್ರೈಷ್ಟಾಟ್ ಯಜಮಾನರ ಸಭೆಗೆ ನುಗ್ಗಿ, ‘ಈ ಜನರಿಗೆ ನೇರವಾಗಿ ಮಾರಿರಿ, ನಡುವಿನವನಿಗೆ ಹೋಗುವ ಹಣ ನಮಗೆ ಬರಲಿ’ ಎಂದು ವಾದಿಸಿದನು. ಒಪ್ಪಿದರು; ಗಾಡಿ ಉಳಿಯಿತು; 1934ರಲ್ಲಿ ಆ ಮಿಸ್ತ್ರಿಯೇ ಕ್ಯಾಡಿಲಾಕಿನ ಮುಖ್ಯಸ್ಥನಾದನು.

ಡ್ರೈಷ್ಟಾಟ್ ದಯೆಯಿಂದ ನಡೆದನೋ ಲೆಕ್ಕಾಚಾರದಿಂದ ನಡೆದನೋ, ಆ ಮಾತು ಬೇರೆ. ಯಾರು ಮುಟ್ಟಿದರೆ ಮಾನ ಹೋಗುತ್ತದೆಂದು ಕಂಪನಿ ಹೆದರಿತ್ತೋ ಅವರೇ ಅದರ ಪ್ರಾಣವನ್ನು ಉಳಿಸಿದರು. ನಮ್ಮ ಊರಿನ ಮುಂದೆ ಹರಿಯುವ ಕೃಷ್ಣೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಳ್ಳುತ್ತಾಳೆ. ಎಂಟುನೂರು ವರ್ಷಗಳ ಹಿಂದೆ ಆ ಸಂಗಮದ ಶರಣರು, ಹುಟ್ಟಿನಿಂದ ಮನುಷ್ಯನನ್ನು ಅಳೆಯಬೇಡಿರೆಂದು ಹೇಳಿದ್ದರು. ಆ ಮಾತು ನಮ್ಮ ಮನೆಗಳ ಗೋಡೆಯ ಮೇಲೆ ತೂಗುಹಾಕಿದಷ್ಟು ಸುಲಭವಾಗಿ ನಮ್ಮ ಹೊಸ್ತಿಲನ್ನು ದಾಟಿ ಒಳಗೆ ಬಂದಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ಆದುದರಿಂದ ಅಮೆರಿಕದವರನ್ನು ನೋಡಿ ನಗುವ ಹಕ್ಕೂ ನಮಗಿಲ್ಲ.

ನಮ್ಮ ನಾಡಿನಲ್ಲಿ ಮೋಟಾರನ್ನು ಕೊಳ್ಳುವುದನ್ನಷ್ಟೇ ಅಲ್ಲ, ಮಾಡುವುದನ್ನು ಕನಸಿದವರೂ ಇದ್ದರು. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಗಳನ್ನು ಕಂಡು ಬಂದು, ಭಾರತದಲ್ಲಿಯೂ ಅಂತಹುದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಅದಕ್ಕೆ ಹೆಗಲು ಕೊಟ್ಟರು. ಬ್ರಿಟಿಷ್ ಸರಕಾರ ಉತ್ಸಾಹ ತೋರಲಿಲ್ಲ. ವಾಲಚಂದರು 1940ರಲ್ಲಿ ಮೈಸೂರು ಸರಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ಮೋಟಾರಿನ ಕಾರ್ಖಾನೆಯನ್ನು, ಅಮೆರಿಕದ ಕ್ರೈಸ್ಲರ್ ಕಂಪನಿಯ ನೆರವಿನಿಂದ, ಪ್ರೀಮಿಯರ್ ಎಂಬ ಹೆಸರಿನಲ್ಲಿ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ಇಲ್ಲಿ ಬರಿಯ ಜೋಡಣೆ ಸಾಲದು, ತಯಾರಿಕೆಯೇ ಆಗಬೇಕೆಂದು ಸರಕಾರ ನಿರ್ಧರಿಸಿತು. ಮರುವರ್ಷ ಜನರಲ್ ಮೋಟರ್ಸ್ ತನ್ನ ಮುಂಬಯಿಯ ಕಾರ್ಖಾನೆಯನ್ನು ಮುಚ್ಚಿತು. ದೊಡ್ಡ ಅಮೆರಿಕನ್ ಗಾಡಿಗಳ ಬರವು ಕಡಿಮೆಯಾಯಿತು. ಅವುಗಳನ್ನೇ ನಂಬಿದ್ದ ಗ್ಯಾರೇಜುಗಳೂ ಬಡವಾದವು. 1956ರಲ್ಲಿ, ನಮ್ಮ ಸೀಮೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ವರ್ಷವೇ, ದೊಡ್ಡಪ್ಪನವರು ಒಂದು ತಗಡಿನ ಪೆಟ್ಟಿಗೆಯ ತುಂಬ ಪಾನಾಗಳನ್ನು ಹೊತ್ತುಕೊಂಡು ಊರಿಗೆ ಮರಳಿದರು.

ಅತ್ತ ಅಮೆರಿಕದಲ್ಲಿ ಕ್ಯಾಡಿಲಾಕಿಗೆ ಬಾಲ ಮೂಡಿತ್ತು. ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನ ತಂಡ ಯುದ್ಧವಿಮಾನದ ಬಾಲವನ್ನು ಕಂಡು ಮನಸೋತು, 1948ರ ಗಾಡಿಯ ಹಿಂಬದಿಯಲ್ಲಿ ಚಿಕ್ಕ ರೆಕ್ಕೆಗಳನ್ನು ಎಬ್ಬಿಸಿತು. ವರ್ಷ ವರ್ಷಕ್ಕೂ ಅವು ಬೆಳೆದು 1959ರಲ್ಲಿ ಆಕಾಶಕ್ಕೆ ಚುಚ್ಚುವಂತಾದವು. ಗಾಯಕ ಎಲ್ವಿಸ್ ಪ್ರೆಸ್ಲಿಯ ಗುಲಾಬಿ ಬಣ್ಣದ ಕ್ಯಾಡಿಲಾಕ್ ಜಗತ್ಪ್ರಸಿದ್ಧವಾಯಿತು. ರೆಕ್ಕೆಯಿಂದ ಗಾಡಿ ಹಾರುವುದಿಲ್ಲ, ಓಟವೂ ಹೆಚ್ಚುವುದಿಲ್ಲ. ಆದರೂ ನೋಡುವವರ ಕಣ್ಣು ತಣಿಯುತ್ತಿತ್ತು, ಮಾರುವವರ ಪೆಟ್ಟಿಗೆ ತುಂಬುತ್ತಿತ್ತು. ಒಳಗಿನ ನಟ್ಟಿನಿಂದ ಬಂದ ಹೆಸರು ಹೊರಗಿನ ಹೊಳಪಿಗೆ ಒಕ್ಕಲಾಯಿತು.

ಇಳಿಜಾರು ನಿಧಾನವಾಗಿ ಬಂದಿತು. 1978ರ ಸುಮಾರಿಗೆ ತೈಲದ ಅಭಾವಕ್ಕೆ ಹೆದರಿ ಹಾಕಿದ ಡೀಸೆಲ್ ಎಂಜಿನು ಕೈಕೊಟ್ಟಿತು. 1981ರಲ್ಲಿ, ಬೇಕಾದಾಗ ಎಂಟು, ಬೇಡವಾದಾಗ ಆರು ಅಥವಾ ನಾಲ್ಕು ಸಿಲಿಂಡರುಗಳಲ್ಲಿ ಓಡುವ ಜಾಣ ಎಂಜಿನು ಬಂದು ಕೊಂಡವರನ್ನು ಪೇಚಿಗೆ ಸಿಕ್ಕಿಸಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು 1982ರ ಸಿಮರಾನ್ ಎಂಬ ಗಾಡಿಯದು. ಅದು ಅದೇ ಜನರಲ್ ಮೋಟರ್ಸಿನ ಅಗ್ಗದ ಷೆವ್ರೊಲೆ ಗಾಡಿ. ಒಳಗೆ ತೊಗಲಿನ ಆಸನ, ಮುಂದೆ ಕ್ಯಾಡಿಲಾಕಿನ ಲಾಂಛನ, ಮೇಲೆ ಹೆಚ್ಚಿನ ಬೆಲೆ. ಎಂಬತ್ತು ವರ್ಷಗಳ ಹೆಸರು ಆ ಒಂದು ಲಾಂಛನಕ್ಕೆ ಬೆಂಬಲವಾಗಿರುವಾಗ ಯಾರು ಬಿಚ್ಚಿ ನೋಡುತ್ತಾರೆಂದು ಯಜಮಾನರು ತಿಳಿದರು. ಜನ ಬಿಚ್ಚಿ ನೋಡಿದರು. ಆರೇಳು ವರ್ಷಗಳಲ್ಲಿ ಅದು ನಿಂತುಹೋಯಿತು. ಅಷ್ಟರಲ್ಲಿ ಜರ್ಮನಿಯ ಗಾಡಿಗಳು ಅಮೆರಿಕದ ಧನಿಕರ ಅಂಗಳಕ್ಕೆ ಬಂದು ನಿಂತಿದ್ದವು; ಜಪಾನಿನವು ಹಿಂದೆಯೇ ಬರುತ್ತಿದ್ದವು.

ನನ್ನ ಮಗಳು ಮಿಷಿಗನ್ ಪ್ರಾಂತದಲ್ಲಿ ಸಂಸಾರ ಹೂಡಿದ್ದಾಳೆ. 2014ರ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಅಳಿಯನೊಡನೆ ಡೆಟ್ರಾಯ್ಟಿನ ಪ್ಯಾಕಾರ್ಡ್ ಕಾರ್ಖಾನೆಯ ಮುಂದೆ ನಿಂತಿದ್ದೆ. ಕ್ಯಾಡಿಲಾಕಿಗೆ ಸರಿಸಾಟಿಯಾಗಿ, ಒಂದು ಕಾಲದಲ್ಲಿ ಅದಕ್ಕಿಂತ ಮೇಲೆಯೇ ನಿಂತಿದ್ದ ಹೆಸರು ಪ್ಯಾಕಾರ್ಡ್. 1903ರಿಂದ ಆಲ್ಬರ್ಟ್ ಕಾಹ್ನ್ ಎಂಬ ಶಿಲ್ಪಿ ಕಟ್ಟಿದ, ಮೂವತ್ತೈದು ಲಕ್ಷ ಚದರಡಿಯ ಆ ಕಾರ್ಖಾನೆಯಲ್ಲಿ ನಾನು ಹೋದಾಗ ಕಿಟಕಿಗೆ ಗಾಜಿರಲಿಲ್ಲ. ಮಾಡಿನ ಮೇಲೆ ಗಿಡಗಳು ಬೆಳೆದಿದ್ದವು. 1935ರಲ್ಲಿ ಪ್ಯಾಕಾರ್ಡಿನವರು ಬಡತನದ ದಿನಗಳನ್ನು ದಾಟಲು ಅಗ್ಗದ ಗಾಡಿಯೊಂದಕ್ಕೆ ತಮ್ಮ ಹೆಸರನ್ನು ಕೊಟ್ಟರು. ಅದರಿಂದ ಅಂದು ಬದುಕಿಕೊಂಡರು. ಆದರೆ ಪ್ಯಾಕಾರ್ಡ್ ಎಂದರೆ ಸಿರಿವಂತರ ಗಾಡಿಯೆಂಬ ಭಾವನೆ ಮೆಲ್ಲಗೆ ಸವೆಯಿತು. 1954ರಲ್ಲಿ ಸ್ಟೂಡ್‌ಬೇಕರಿನೊಡನೆ ಒಂದಾದರು. 1956ರಲ್ಲಿ ಈ ಕಾರ್ಖಾನೆಯಲ್ಲಿ ಕೆಲಸ ನಿಂತಿತು. 1958ರಲ್ಲಿ ಹೆಸರೂ ನಿಂತಿತು. ರಸ್ತೆಯ ಮೇಲೆ ಹಾದುಹೋಗುವ ಸೇತುವೆಯ ಮೇಲೆ ಪ್ಯಾಕಾರ್ಡಿನ ಹೆಸರಿನ ಗುರುತು ಇನ್ನೂ ಇತ್ತು. 2019ರ ಜನವರಿಯಲ್ಲಿ ಆ ಸೇತುವೆಯೂ ಕುಸಿದು ಬಿದ್ದ ಸುದ್ದಿಯನ್ನು ಮಗಳು ದೂರವಾಣಿಯಲ್ಲಿ ತಿಳಿಸಿದಳು. ಮುಂಬಯಿಯ ಗ್ಯಾರೇಜಿನಲ್ಲಿ ಪ್ಯಾಕಾರ್ಡಿನ ಮುಂದೆ ಅಂಗಿಯ ಕೈಯೊರೆಸಿಕೊಂಡು ನಿಲ್ಲುತ್ತಿದ್ದ ದೊಡ್ಡಪ್ಪ ನನಗೆ ನೆನಪಾದರು. ಅವರು ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು.

ಇದೆಲ್ಲ ದೂರದ ಕಥೆ. ಹತ್ತಿರದ ಕಥೆಯೊಂದಿದೆ, ಈ ಲೇಖನವನ್ನು ಬರೆಯಿಸುತ್ತಿರುವುದು ಅದೇ.

ನಾನು ಚಿಕ್ಕವನಿದ್ದಾಗ ಚಿಕ್ಕಪಡಸಲಗಿಯ ಹೆಸರನ್ನು ಜಮಖಂಡಿಯ ಆಚೆ ಕೇಳಿದವರಿರಲಿಲ್ಲ. ಮಳೆಗಾಲದಲ್ಲಿ ಎರಡೂ ದಂಡೆಗಳನ್ನು ತಿಂದು ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಬಂಡೆಗಳ ನಡುವಣ ಮಡುವಾಗುತ್ತಿದ್ದಳು. ಒಡ್ಡು ಕಟ್ಟಿಸಿಕೊಡಿರೆಂದು ಬೇಡಿ ಬೇಸತ್ತ ರೈತರು 1989ರಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳುತನದ ಕೆಳಗೆ, ತಾವೇ ವಂತಿಗೆ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು, ಹೊಳೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದರು. ‘ಶ್ರಮಬಿಂದು ಸಾಗರ’ ಎಂದು ಅದಕ್ಕೆ ಹೆಸರಾಯಿತು. ಬೆವರಿನ ಹನಿಗಳ ಕಡಲು! ಇದಕ್ಕಿಂತ ಸತ್ಯವಾದ ನಾಮಕರಣವನ್ನು ನಾನು ಕಂಡಿಲ್ಲ. ಮುಂದೆ 1991ರ ಲೋಕಸಭೆಯ ಚುನಾವಣೆಯಲ್ಲಿ ಆ ಬ್ಯಾರೇಜಿನ ಸಿದ್ದು ಅವರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ದೇಶವನ್ನೇ ಬೆರಗುಗೊಳಿಸಿದರು. 2018ರಲ್ಲಿ ಅವರು ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಒಡ್ಡು ನಿಂತಿದೆ, ಊರಿಗೆ ಹೆಸರು ನಿಂತಿದೆ.

ನೀರು ನಿಂತಲ್ಲಿ ಕಬ್ಬು ಬಂದಿತು. ಕಬ್ಬು ಬಂದಲ್ಲಿ ಗಾಣ ಬಂದಿತು. ನನ್ನ ತಮ್ಮನ ಮಗ ನಮ್ಮ ಹೊಲದ ಬದುವಿನಲ್ಲಿ ಬೆಲ್ಲದ ಗಾಣವನ್ನು ಹಾಕಿದ್ದಾನೆ. ಕೆಲವು ವರ್ಷಗಳ ಹಿಂದೆ ನಾನು ಊರಿಗೆ ಹೋದಾಗ ಅವನ ಮುಖ ಬಾಡಿತ್ತು. ಅವನ ಪೆಂಟೆಗಳು ಕಂದುಬಣ್ಣದವು. ಪೇಟೆಯಲ್ಲಿ ದಲಾಲರು ಬಂಗಾರದಂತೆ ಹಳದಿಯಾಗಿ ಹೊಳೆಯುವ ಪೆಂಟೆಗೇ ಹೆಚ್ಚಿನ ದರವನ್ನು ಹಚ್ಚುತ್ತಾರೆ. ಆ ಹೊಳಪು ಬರುವುದು ಕಡಾಯಿಗೆ ಹಾಕುವ ಹೈಡ್ರೋಸ್ ಎಂಬ ಪುಡಿಯಿಂದ. ಹಳೆಯ ಕ್ರಮದಲ್ಲಿ ಬೆಂಡೆಯ ಗಿಡದ ಲೋಳೆಯನ್ನೂ ಸುಣ್ಣವನ್ನೂ ಹಾಕಿ ಹೊಲಸನ್ನು ತೆಗೆದರೆ ಬೆಲ್ಲ ಶುದ್ಧವಾಗುತ್ತದೆ, ಹೊಳೆಯುವುದಿಲ್ಲ. ಪುಡಿ ಹಾಕಿದ ಬೆಲ್ಲ ಮೊದಲು ಮಿಂಚಿ, ಇಟ್ಟಂತೆಲ್ಲ ಕಪ್ಪಾಗುತ್ತದೆ. ಗಂಧಕದ ಅಂಶ ಹೊಟ್ಟೆಗೆ ಸೇರುವುದು ಬೇರೆ.

“ಕಾಕಾ, ಎಲ್ಲಾರೂ ಹಾಕತಾರ್ರಿ” ಎಂದನು ಅವನು. “ನಾ ಒಬ್ಬಾಂವ ಹಾಕಲಿಲ್ಲಂದ್ರ ಲುಕ್ಸಾನು ನನಗಽ. ಕಟಗಿದು, ಆಳಿಂದು ರೊಕ್ಕ ಎಲ್ಲಿಂದ ತರ್ಲಿ?”

ನಾನು ಅವನಿಗೆ ಕ್ಯಾಡಿಲಾಕಿನ ಕಥೆಯನ್ನು ಹೇಳಿದೆ. ಮೂರು ಗಾಡಿಗಳನ್ನು ಬಿಚ್ಚಿ ಬೆರೆಸಿದುದನ್ನೂ ಹೇಳಿದೆ, ಸಿಮರಾನಿನ ಲಾಂಛನವನ್ನೂ ಹೇಳಿದೆ. ಅವನು ಗೌರವದಿಂದ ಕೇಳಿದನು. ಕೇಳಿ, “ಆ ಕಂಪನಿ ಇನ್ನೂ ಐತ್ಯೋ ಮುಳಗಿತ್ರ್ಯೋ?” ಎಂದನು.

ಅದು ಮುಳುಗಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. 2015ರ ಗಣರಾಜ್ಯೋತ್ಸವಕ್ಕೆ ದಿಲ್ಲಿಗೆ ಬಂದ ಅಧ್ಯಕ್ಷ ಒಬಾಮರು ಕುಳಿತು ಬಂದುದು ಕ್ಯಾಡಿಲಾಕಿನಲ್ಲಿಯೇ. ಮೊದಲಿನ ಏಕಚ್ಛತ್ರಾಧಿಪತ್ಯವಿಲ್ಲ, ಆದರೆ ಹೊಸ ಗಾಡಿಗಳು ಬರುತ್ತಿವೆ, ವಿದ್ಯುತ್ತಿನಿಂದ ಓಡುವವೂ ಬಂದಿವೆ. ಹೆಸರು ಕೆಡಿಸಿಕೊಂಡವರೆಲ್ಲ ಹಾಳಾಗಿ ಹೋದರೆಂದು ನೀತಿಕಥೆಯಲ್ಲಿ ಹೇಳಬಹುದು, ಚರಿತ್ರೆಯಲ್ಲಿ ಹೇಳಲಾಗುವುದಿಲ್ಲ. ಮೇಲಾಗಿ ಉಪದೇಶ ಮಾಡುವ ನನಗೆ ತಿಂಗಳ ಕೊನೆಗೆ ಪಿಂಚಣಿ ಬರುತ್ತದೆ. ಗಾಣ ನಡೆಸುವ ಅವನಿಗೆ ಪೇಟೆಯ ದರವೇ ಆಧಾರ. ಈ ವ್ಯತ್ಯಾಸವನ್ನು ಅವನು ಬಾಯಿಬಿಟ್ಟು ಆಡಲಿಲ್ಲ. ಅದು ಅವನ ದೊಡ್ಡತನ.

ಎರಡು ದಿನ ಅವನು ಯೋಚಿಸಿದನು. ಆ ಹಂಗಾಮಿಗೆ ಪುಡಿಯನ್ನು ತರಿಸಲಿಲ್ಲ. ದರದಲ್ಲಿ ನಷ್ಟವಾಯಿತು, ಆ ವರ್ಷ ಹೂಡಬೇಕೆಂದಿದ್ದ ಕೊಳವೆಯ ಕೆಲಸ ನಿಂತಿತು. ಮರುವರ್ಷವೂ ಪೇಟೆಯಲ್ಲಿ ಕಂದು ಪೆಂಟೆಯ ಕಡೆಗೆ ಮೂಗು ಮುರಿದವರೇ ಹೆಚ್ಚು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳ ಕೆಲವು ಮನೆಯವರು ಒಬ್ಬರಿಂದೊಬ್ಬರು ಕೇಳಿ ತಿಳಿದು, ಈಗ ಅವನಿಂದಲೇ ನೇರವಾಗಿ ತರಿಸಿಕೊಳ್ಳುತ್ತಾರೆ. ಗಾಣದಿಂದ ಬರುವ ಬೆಲ್ಲದಲ್ಲಿ ಅದು ಕಾಲುಭಾಗವೂ ಅಲ್ಲ. ಉಳಿದುದು ಇಂದಿಗೂ ದಲಾಲರು ಕೂಗಿದ ದರಕ್ಕೆ ಹೋಗುತ್ತದೆ. ನಷ್ಟ ತುಂಬಿಬಂದಿತೆಂದು ನಾನು ಹೇಳಲಾರೆ. ಪೆಂಟೆಗೆ ಹೆಸರು ಬೇಕಲ್ಲವೆ ಎಂದು ಕೇಳಿದುದಕ್ಕೆ, ಮನೆತನದ ಹೆಸರು ಬೇಡವೆಂದು ಊರಿನ ಹೆಸರನ್ನೇ ಬರೆಯಿಸಿದನು. “ಹೆಸರು ಊರಂದ್ರಿ, ಕೆಡಸಿದ್ರ ಎಲ್ಲಾರೂ ಕೇಳತಾರ. ಹಂಗಾರ ನನಗೂ ಅಂಜಿಕಿ ಇರತೈತಿ” ಎಂದನು.

ಪೇಟೆಯಲ್ಲಿ ಮುಂದಿನ ಸಲ ಬೆಲ್ಲವನ್ನು ಕೊಳ್ಳುವ ವಾಚಕರಲ್ಲಿ, ವಿಶೇಷವಾಗಿ ವಾಚಕಿಯರಲ್ಲಿ, ನನ್ನದೊಂದು ವಿನಂತಿ. ಹೊಳೆಯುವ ಪೆಂಟೆಯನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಪಕ್ಕದಲ್ಲಿರುವ ಕಂದು ಪೆಂಟೆಯ ಒಂದು ಚೂರನ್ನು ಮುರಿದು ಬಾಯಿಗೆ ಹಾಕಿ ನೋಡಿರಿ. ಸಾವಿರಾರು ಡಾಲರುಗಳ ಗಾಡಿಯನ್ನು ಬಿಚ್ಚಿ ನೋಡುವ ಅವಕಾಶ ನಮಗೆ ಸಿಕ್ಕುವುದಿಲ್ಲ. ಒಂದು ಚೂರು ಬೆಲ್ಲವನ್ನು ಮುರಿದು ನೋಡುವುದು ನಮ್ಮ ಕೈಯಲ್ಲಿದೆ. ಗಾಣದ ಮುಂದೆ ಕಡಾಯಿಯ ಉರಿಗೆ ಮುಖವೊಡ್ಡಿ ನಿಂತಿರುವವನು ನಿಮ್ಮ ಆ ಒಂದು ಗಳಿಗೆಯ ಪರೀಕ್ಷೆಯನ್ನು ನಂಬಿಕೊಂಡೇ ಪುಡಿಯ ಡಬ್ಬಿಯನ್ನು ದೂರ ಇಟ್ಟಿದ್ದಾನೆ.